ಯೆಹೂದದ ಅರಸರನ್ನು ಮಕ್ಕಳಿಗೆ ಕಲಿಸುವುದು ಹೇಗೆ: ಕಪ್ಪು-ಬಿಳಿ ಕಿರೀಟದ ಚಾರ್ಟು ಕೈಕೊಟ್ಟವರಿಗೆ ಹಂತ ಹಂತದ ಮಾರ್ಗದರ್ಶಿ

ಸಂಡೇ ಸ್ಕೂಲಿನ ಶಿಕ್ಷಕರು ನನ್ನ ಬಳಿ ತರುವ ದೂರು ಹೆಚ್ಚುಕಡಿಮೆ ಒಂದೇ. ಎಂಟು ವಾರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಯೆಹೂದ ರಾಜ್ಯದ ಅರಸರ ಪಾಠ ಮಾಡಿರುತ್ತಾರೆ. ಗೋಡೆಯ ಮೇಲೆ ಚಾರ್ಟು ಇರುತ್ತದೆ: ಒಳ್ಳೆಯವರಿಗೆ ಬಿಳಿ ಕಿರೀಟ, ಕೆಟ್ಟವರಿಗೆ ಕಪ್ಪು ಕಿರೀಟ. ಒಂಬತ್ತನೆಯ ವಾರ "ಹಿಜ್ಕೀಯ ಎಂದರೆ ಯಾರು?" ಎಂದು ಕೇಳಿದರೆ "ಬಿಳಿ" ಎಂದು ಮಕ್ಕಳು ಒಟ್ಟಿಗೆ ಕೂಗುತ್ತಾರೆ. "ಅವನು ಏನು ಮಾಡಿದ?" ಎಂದರೆ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತದೆ.

ನಾನೂ ಆ ಚಾರ್ಟನ್ನು ಮೂರು ವರ್ಷ ಬಳಸಿದವನು. ಆಮೇಲೆ ಕಿತ್ತು ಹಾಕಿದೆ. ಅದರ ಬದಲು ಏನು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಇಲ್ಲಿದೆ. 8ರಿಂದ 12 ವರ್ಷದ ಮಕ್ಕಳು, 45 ನಿಮಿಷದ ತರಗತಿ, ಎಂಟು ವಾರ ಎಂದು ಇಟ್ಟುಕೊಂಡಿದ್ದೇನೆ. ಚಿಕ್ಕವರಿಗೂ ದೊಡ್ಡವರಿಗೂ ಬೇಕಾದ ಬದಲಾವಣೆಗಳನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಮೊದಲೇ ಸಿದ್ಧವಾಗಿರಬೇಕಾದ ಸಾಮಗ್ರಿ

4 ಮೀಟರ್ ಉದ್ದದ ಹಗ್ಗ ಅಥವಾ ದಪ್ಪ ನೂಲು. ಮೂರೂವರೆ ಮೀಟರ್ ಸಾಕಲ್ಲವೇ ಎಂದು ಕತ್ತರಿಸಬೇಡಿ, ಬಾಲದ ಕೆಲಸ ಕೊನೆಯ ವಾರ ಇದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಎರಡು ಡಜನ್. ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳ ಹಿಂಬದಿಯಿಂದ ಕತ್ತರಿಸಿದ ಕಾರ್ಡುಗಳು. ಒಂದು ಅಳತೆ ಟೇಪು. ಯೆಹೂದ, ಇಸ್ರಾಯೇಲ್ ಎಂಬ ಎರಡು ರಾಜ್ಯಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವ ಒಂದು ನಕ್ಷೆ. ಕೈಯಲ್ಲಿ ಬರೆದದ್ದಾದರೂ ನಡೆಯುತ್ತದೆ.

ಮತ್ತೊಂದು ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ: ಇಡೀ ತರಗತಿಗೆ ಬೈಬಲಿನ ಒಂದೇ ಕನ್ನಡ ಅನುವಾದ. ಒಂದರಲ್ಲಿ ಯೆಹೋವ, ಯೆರೂಸಲೇಮ್ ಎಂದಿದ್ದರೆ ಇನ್ನೊಂದರಲ್ಲಿ ಸರ್ವೇಶ್ವರ, ಜೆರುಸಲೇಮ್ ಎಂದಿರುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಮನೆಯಲ್ಲಿ ಜೋಸಾಯ ಎಂದು ಕಲಿತವನನ್ನು ಇಲ್ಲಿ ಯೋಷೀಯ ಎಂದು ಕೇಳಿ, ಇವನು ಬೇರೆಯವನು ಎಂದೇ ತಿಳಿಯುತ್ತಾರೆ. ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರಗಳಲ್ಲಿಯೇ ಕಾರ್ಡಿನ ಹಿಂದೆ ಬರೆದಿಡಿ.

ಹಂತ 1: ಎರಡೂ ಕಡೆ ಓದಿ, ಆಮೇಲೆ ತರಗತಿಗೆ ಹೋಗಿ

ಅರ್ಧದಷ್ಟು ಎಡವಟ್ಟುಗಳು ಹುಟ್ಟುವುದು ಇಲ್ಲಿಯೇ. ಅರಸುಗಳು ಪುಸ್ತಕವನ್ನು ಮಾತ್ರ ಓದಿಕೊಂಡು ಹೋಗುತ್ತೇವೆ, ಅಥವಾ ಮಕ್ಕಳ ಚಿತ್ರಪುಸ್ತಕವನ್ನೇ ನಂಬುತ್ತೇವೆ. ಓದಬೇಕಾದದ್ದು ಇಷ್ಟು: ಒಂದನೆಯ ಅರಸುಗಳು 12ನೆಯ ಅಧ್ಯಾಯದಿಂದ ಎರಡನೆಯ ಅರಸುಗಳು ಮುಗಿಯುವವರೆಗೆ, ಎರಡನೆಯ ಪೂರ್ವಕಾಲವೃತ್ತಾಂತ 10ರಿಂದ 36, ಯೆಶಾಯ 7 ಮತ್ತು 36ರಿಂದ 39, ಯೆರೆಮೀಯ 36ರಿಂದ 38. ದಿನಕ್ಕೆ ನಾಲ್ಕು ಅಧ್ಯಾಯ ಓದಿದರೆ ಮೂರು ವಾರದೊಳಗೆ ಮುಗಿಯುತ್ತದೆ.

ಅರಸುಗಳು, ಪೂರ್ವಕಾಲವೃತ್ತಾಂತ ಎಂಬ ಈ ಎರಡು ಪುಸ್ತಕಗಳು ಒಂದೇ ಅರಸನನ್ನು ಬೇರೆ ಬೇರೆ ಕೋನದಿಂದ ನೋಡುತ್ತವೆ. ಮನಸ್ಸೆಯ ವಿಷಯದಲ್ಲಿ ಅರಸುಗಳು ಪುಸ್ತಕ ಒಂದೂ ಒಳ್ಳೆಯ ಮಾತು ಹೇಳುವುದಿಲ್ಲ. ಯೆಹೂದದ ನಾಶಕ್ಕೆ ಅವನ ಪಾಪವನ್ನೇ ಬೊಟ್ಟು ಮಾಡುತ್ತದೆ. ಪೂರ್ವಕಾಲವೃತ್ತಾಂತದಲ್ಲಿ ಅದೇ ಮನಸ್ಸೆ ಸಂಕೋಲೆಯಲ್ಲಿ ಬಾಬೆಲಿಗೆ (ಬ್ಯಾಬಿಲೋನಿಗೆ) ಒಯ್ಯಲ್ಪಟ್ಟು, ಅಲ್ಲಿ ತಗ್ಗಿಸಿಕೊಂಡು ಪ್ರಾರ್ಥಿಸಿ, ಹಿಂದಿರುಗಿ ಬಂದು ಬಲಿಪೀಠವನ್ನು ಸರಿಪಡಿಸುತ್ತಾನೆ. ಉಜ್ಜೀಯನಿಗೆ ರೋಗ ಬಂತು ಎಂದಷ್ಟೇ ಒಂದು ಕಡೆ ಇದ್ದರೆ, ಏಕೆ ಬಂತು ಎಂಬುದು ಇನ್ನೊಂದು ಕಡೆ ಇದೆ. ಒಂದೇ ಪುಸ್ತಕ ಓದಿದ ಶಿಕ್ಷಕರು ಇನ್ನೊಂದನ್ನು ಓದಿದ ಹತ್ತು ವರ್ಷದ ಹುಡುಗಿಯ ಮುಂದೆ ತಬ್ಬಿಬ್ಬಾಗುವುದನ್ನು ನಾನು ನೋಡಿದ್ದೇನೆ. ಆ ಶಿಕ್ಷಕ ನಾನೇ ಆಗಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಭಿನ್ನತೆ ಕಂಡಾಗ ಮುಚ್ಚಿಡಬೇಡಿ. "ಇಬ್ಬರು ಬರೆದಿದ್ದಾರೆ, ಒಬ್ಬೊಬ್ಬರು ಒಂದೊಂದನ್ನು ಎತ್ತಿ ಹೇಳಿದ್ದಾರೆ" ಎಂದರೆ ಮಕ್ಕಳಿಗೆ ಸಾಕು. ಒಂದೇ ಮನೆಯ ಜಗಳವನ್ನು ಅಕ್ಕ ಒಂದು ರೀತಿ, ತಮ್ಮ ಒಂದು ರೀತಿ ಹೇಳುವುದು ಅವರಿಗೆ ಹೊಸತೇನಲ್ಲ.

ಹಂತ 2: ರಾಜ್ಯ ಎರಡು ಎಂಬುದನ್ನು ಮೊದಲ ವಾರವೇ ಮುಗಿಸಿ

ಸೊಲೊಮೋನನ ಮರಣದ ನಂತರ, ಕ್ರಿಸ್ತಪೂರ್ವ ಸುಮಾರು 930ರಲ್ಲಿ ರಾಜ್ಯ ಒಡೆಯಿತು. ಉತ್ತರದ ಹತ್ತು ಕುಲಗಳು ಯಾರೊಬ್ಬಾಮನ ಹಿಂದೆ ಹೋಗಿ ಇಸ್ರಾಯೇಲ್ ಎಂಬ ಹೆಸರನ್ನು ಉಳಿಸಿಕೊಂಡವು. ದಕ್ಷಿಣದಲ್ಲಿ ಯೆರೂಸಲೇಮನ್ನು ರಾಜಧಾನಿಯಾಗಿ ಇಟ್ಟುಕೊಂಡು ದಾವೀದನ ಮೊಮ್ಮಗ ರೆಹಬ್ಬಾಮ ಆಳಿದ್ದು ಯೆಹೂದ. ಉತ್ತರದ ರಾಜಧಾನಿ ಸಮಾರ್ಯ 722ರಲ್ಲಿ ಅಶ್ಶೂರದವರಿಗೆ (ಅಸ್ಸೀರಿಯದವರಿಗೆ) ಬಿತ್ತು. ಯೆರೂಸಲೇಮ್ 586ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರನಿಗೆ ಬಿತ್ತು. ಪಾಠಕ್ಕೆ ಇಷ್ಟು ಚರಿತ್ರೆ ಸಾಕು.

ತೊಂದರೆ ಕೊಡುವುದು ಹೆಸರುಗಳು. ಅರಸುಗಳು ಪುಸ್ತಕ ಎರಡು ರಾಜ್ಯಗಳ ನಡುವೆ ಮಗ್ಗದ ಲಾಳಿಯಂತೆ ಓಡಾಡುತ್ತದೆ. ಒಂದು ಅಧ್ಯಾಯ ಇಲ್ಲಿ, ಒಂದು ಅಲ್ಲಿ. ಒಂದು ಕಾಲದಲ್ಲಿ ಎರಡು ಸಿಂಹಾಸನಗಳ ಮೇಲೂ ಯೆಹೋರಾಮ ಎಂಬ ಹೆಸರಿನವರೇ ಕುಳಿತಿದ್ದರು. ಅಹಜ್ಯ ಎರಡು ಕಡೆ ಇದ್ದಾನೆ, ಯೋವಾಷನೂ ಎರಡು ಕಡೆ ಇದ್ದಾನೆ. ಆಹಾಬ ಇಸ್ರಾಯೇಲಿನವನು, ಆಹಾಜ ಯೆಹೂದದವನು. ಉಜ್ಜೀಯನಿಗೆ ಅಜರ್ಯ ಎಂಬ ಇನ್ನೊಂದು ಹೆಸರಿದೆ; ಯೆಹೋಯಾಖೀನನೇ ಯೆಕೊನ್ಯ. ಇನ್ನು ಯಾರೊಬ್ಬಾಮ "ಯ"ದಿಂದ ಶುರುವಾಗುವುದರಿಂದ ಅವನನ್ನು ಯೆಹೂದಕ್ಕೆ ಸೇರಿಸದ ಮಗುವನ್ನು ನಾನಿನ್ನೂ ಕಂಡಿಲ್ಲ.

ಪರಿಹಾರ: ಎಂಟು ವಾರ ಇಸ್ರಾಯೇಲಿನ ಅರಸರಲ್ಲಿ ಯಾರೊಬ್ಬಾಮ ಮತ್ತು ಆಹಾಬ, ಇವರಿಬ್ಬರ ಹೆಸರನ್ನು ಮಾತ್ರ ಬಾಯಿಗೆ ತನ್ನಿ. ಉಳಿದವರನ್ನು "ಉತ್ತರದ ಅರಸ" ಎಂದು ಕರೆಯಿರಿ. ಕೊನೆಯಲ್ಲಿ ಬರುವ ಯೆಹೋಯಾಕೀಮ, ಯೆಹೋಯಾಖೀನ ಎಂಬ ಜೋಡಿಗೆ ಒಂದು ಸೂತ್ರವಿದೆ: "ಮ ಮೊದಲು, ನ ನಂತರ." ಕೀಮ ತಂದೆ, ಖೀನ ಮಗ. ಒಮ್ಮೆ ಹೇಳಿಕೊಟ್ಟರೆ ದೊಡ್ಡವರೂ ಮರೆಯುವುದಿಲ್ಲ.

ಎಚ್ಚರಿಕೆಯ ಗುರುತು: ಎರಡನೆಯ ವಾರ ಯಾವುದಾದರೂ ಮಗು "ಹಾಗಾದರೆ ಪ್ರವಾದಿ ಎಲೀಯ ಯಾವ ರಾಜನ ಹತ್ತಿರ ಹೋದ?" ಎಂದು ಕೇಳಿ, ಉಳಿದವರು ಆಹಾಬನ ಬದಲು ಯೆಹೂದದ ಅರಸನ ಹೆಸರು ಹೇಳಿದರೆ ನಕ್ಷೆಗೆ ಹಿಂದಿರುಗಿ. ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 3: ಹಗ್ಗ ಕಟ್ಟಿ, ಆದರೆ ವರ್ಷಗಳನ್ನು ಕೂಡಿಸಬೇಡಿ

ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಎಡತುದಿ 930. ಹಗ್ಗವನ್ನು ಮಕ್ಕಳ ಎದೆಯ ಎತ್ತರಕ್ಕೆ ಕಟ್ಟಿ, ಅವರೇ ಕ್ಲಿಪ್ಪು ಹಾಕುವಂತಿರಲಿ.

ನಾನು ಮೊದಲ ಸಲ ಮಾಡಿದ ತಪ್ಪು ಹೀಗಿತ್ತು. ಪುಸ್ತಕದಲ್ಲಿ ಪ್ರತಿಯೊಬ್ಬ ಅರಸನ ಆಳ್ವಿಕೆಯ ವರ್ಷ ಕೊಟ್ಟಿದೆ. ರೆಹಬ್ಬಾಮ 17, ಆಸ 41, ಉಜ್ಜೀಯ 52, ಮನಸ್ಸೆ 55. ಅಷ್ಟಷ್ಟು ಅಗಲದ ಕಾರ್ಡು ಕತ್ತರಿಸಿ ಒಂದರ ಪಕ್ಕ ಒಂದನ್ನು ತೂಗುಹಾಕುತ್ತ ಹೋದೆ. 586ಕ್ಕೆ 344 ಸೆಂಟಿಮೀಟರಿನಲ್ಲಿ ಗುರುತು ಹಾಕಿದ್ದೆ. ಕಾರ್ಡುಗಳು 393 ದಾಟಿದವು! ಸುಮಾರು 50 ವರ್ಷ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸುಲಭ. ತಂದೆ ಬದುಕಿರುವಾಗಲೇ ಮಗ ಜೊತೆಯಲ್ಲಿ ಆಳಿದ್ದುಂಟು. ಉಜ್ಜೀಯ ರೋಗದಿಂದ ಪ್ರತ್ಯೇಕ ಮನೆಯಲ್ಲಿದ್ದಾಗ ಯೋತಾಮ ಅರಮನೆಯನ್ನು ನೋಡಿಕೊಂಡ ಎಂದು ಪುಸ್ತಕವೇ ಹೇಳುತ್ತದೆ. ವರ್ಷ ಎಣಿಸುವ ಪದ್ಧತಿಯೂ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಆದ್ದರಿಂದ ಕಾರ್ಡುಗಳು ಒಂದರ ಮೇಲೊಂದು ಹೆಂಚಿನಂತೆ ಕೂರಬೇಕು.

ಸರಿಯಾದ ಕ್ರಮ: ಮೊದಲು ಕೆಲವು ಗೂಟಗಳನ್ನು ನೆಡಿ. 208 ಸೆಂಟಿಮೀಟರಿನಲ್ಲಿ ಸಮಾರ್ಯದ ಪತನ, 229ರಲ್ಲಿ ಅಶ್ಶೂರದ ಸನ್ಹೇರೀಬನ ಮುತ್ತಿಗೆ (701), 321ರಲ್ಲಿ ಯೋಷೀಯನ ಮರಣ (609), 333ರಲ್ಲಿ ಯೆಹೋಯಾಖೀನನ ಸೆರೆ (597), 344ರಲ್ಲಿ ಯೆರೂಸಲೇಮಿನ ಪತನ. ಅರಸರ ಕಾರ್ಡುಗಳು ಈ ಗೂಟಗಳ ನಡುವೆ ಹೊಂದಿಕೊಳ್ಳಲಿ. ಹಳೆಯ ಅರಸರ ವರ್ಷಗಳಲ್ಲಿ ವಿದ್ವಾಂಸರ ನಡುವೆ ಕೆಲವು ವರ್ಷಗಳ ವ್ಯತ್ಯಾಸವಿದೆ. ಮಕ್ಕಳ ಮುಂದೆ "ಸುಮಾರು" ಎಂಬ ಪದವನ್ನು ಧಾರಾಳವಾಗಿ ಬಳಸಿ.

ಯೆಹೋವಾಹಾಜ ಆಳಿದ್ದು ಮೂರು ತಿಂಗಳು. ಅವನ ಕಾರ್ಡು ಕಾಲು ಸೆಂಟಿಮೀಟರ್ ಆಗಬೇಕು, ಕ್ಲಿಪ್ಪಿಗಿಂತ ಸಣ್ಣದು. ಮಕ್ಕಳು ಇದನ್ನು ನೋಡಿ ನಗುತ್ತಾರೆ, ನಗಲಿ.

ಹಂತ 4: ಇಪ್ಪತ್ತು ಮಂದಿಯನ್ನೂ ಕಲಿಸಬೇಡಿ

ರೆಹಬ್ಬಾಮನಿಂದ ಚಿದ್ಕೀಯನವರೆಗೆ ಹತ್ತೊಂಬತ್ತು ಅರಸರು, ನಡುವೆ ಸಿಂಹಾಸನ ಕಸಿದುಕೊಂಡ ಅತಲ್ಯ, ಒಟ್ಟು ಇಪ್ಪತ್ತು. ಇಪ್ಪತ್ತು ಕಾರ್ಡೂ ಹಗ್ಗದ ಮೇಲಿರಲಿ, ಆದರೆ ಕಥೆ ಬೇಕಾದದ್ದು ಕೆಲವರದ್ದೇ. ನನ್ನ ಆಯ್ಕೆ: ಮೊದಲ ವಾರ ನಕ್ಷೆ ಮತ್ತು ರೆಹಬ್ಬಾಮ, ಎರಡನೆಯ ವಾರ ಯೋವಾಷ, ಮೂರನೆಯದು ಉಜ್ಜೀಯ, ನಾಲ್ಕನೆಯದು ಆಹಾಜ, ಐದನೆಯದು ಹಿಜ್ಕೀಯ, ಆರನೆಯದು ಮನಸ್ಸೆ, ಏಳನೆಯದು ಯೋಷೀಯ ಮತ್ತು ಯೆಹೋಯಾಕೀಮ ಒಟ್ಟಿಗೆ, ಎಂಟನೆಯದು ಚಿದ್ಕೀಯ ಮತ್ತು ಯೆಹೋಯಾಖೀನ.

ಆಸ, ಯೆಹೋಷಾಫಾಟರನ್ನು ಬಿಟ್ಟದ್ದಕ್ಕೆ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಎಂಟು ವಾರದಲ್ಲಿ ಹತ್ತನೆಯ ವಾರ ಇಲ್ಲ.

ಹಂತ 5: "ಒಳ್ಳೆಯವನೋ ಕೆಟ್ಟವನೋ" ಎಂಬ ಪ್ರಶ್ನೆಯನ್ನು ಬದಲಾಯಿಸಿ

ಇಡೀ ಪಾಠ ನಿಂತಿರುವುದು ಇದರ ಮೇಲೆ.

ಎಂಟು ಅರಸರ ಬಗ್ಗೆ ಅವರು ಯೆಹೋವನ ದೃಷ್ಟಿಯಲ್ಲಿ ಒಳ್ಳೆಯದನ್ನು ಮಾಡಿದರು ಎಂಬ ಮಾತಿದೆ: ಆಸ, ಯೆಹೋಷಾಫಾಟ, ಯೋವಾಷ, ಅಮಚ್ಯ, ಉಜ್ಜೀಯ, ಯೋತಾಮ, ಹಿಜ್ಕೀಯ, ಯೋಷೀಯ. ಚಾರ್ಟು ಮಾಡುವವರು ಅಲ್ಲಿಗೆ ಎಂಟು ಬಿಳಿ ಕಿರೀಟ ಕತ್ತರಿಸಿ ಪುಸ್ತಕ ಮುಚ್ಚುತ್ತಾರೆ. ಮುಂದೆ ಓದಿದರೆ ಯೋತಾಮನೊಬ್ಬನನ್ನು ಬಿಟ್ಟು ಉಳಿದ ಏಳು ಮಂದಿಯೂ ಎಲ್ಲಾದರೊಂದು ಕಡೆ ಜಾರಿದ್ದಾರೆ. ಆಸ ತನಗೆ ಬುದ್ಧಿ ಹೇಳಿದ ಹನಾನಿಯನ್ನು ಸೆರೆಗೆ ಹಾಕಿಸಿದ. ಯೋವಾಷ ತನ್ನನ್ನು ಬದುಕಿಸಿದವನ ಮಗನನ್ನೇ ಕಲ್ಲೆಸೆದು ಕೊಲ್ಲಿಸಿದ. ಇತ್ತ ಕಪ್ಪು ಕಿರೀಟದ ರೆಹಬ್ಬಾಮ ಪ್ರವಾದಿ ಶೆಮಾಯನ ಮಾತಿಗೆ ಒಮ್ಮೆ ಸೈನ್ಯವನ್ನೇ ಹಿಂದಕ್ಕೆ ಕಳುಹಿಸಿದ; ಐಗುಪ್ತದ (ಈಜಿಪ್ಟಿನ) ಅರಸ ಶೀಶಕ ಬಂದಾಗ ಮತ್ತೊಮ್ಮೆ ತಲೆ ತಗ್ಗಿಸಿದ. ಮಕ್ಕಳು ಇದನ್ನು ಕೇಳಿ "ಹಾಗಾದರೆ ಚಾರ್ಟು ತಪ್ಪಾ?" ಎನ್ನುತ್ತಾರೆ. ಹೌದು, ತಪ್ಪು.

ಅರಸರ ಕಥೆಗಳನ್ನು ಸಾಲಾಗಿ ಓದಿದರೆ ಒಂದು ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ: ಯಾರೋ ಒಬ್ಬರು ಅರಸನ ಮುಂದೆ ಬಂದು ಅವನಿಗೆ ಇಷ್ಟವಿಲ್ಲದ ಮಾತನ್ನು ಹೇಳುತ್ತಾರೆ. ರೆಹಬ್ಬಾಮನಿಗೆ ಹಿರಿಯರು, ಉಜ್ಜೀಯನಿಗೆ ಮಹಾಯಾಜಕ ಅಜರ್ಯ ಮತ್ತು ಎಂಬತ್ತು ಯಾಜಕರು, ಆಹಾಜನಿಗೆ ಪ್ರವಾದಿ ಯೆಶಾಯ, ಯೋಷೀಯನಿಗೆ ಹುಲ್ದ ಎಂಬ ಪ್ರವಾದಿನಿ, ಚಿದ್ಕೀಯನಿಗೆ ಪ್ರವಾದಿ ಯೆರೆಮೀಯ. ಹಾಗಾಗಿ ನಮ್ಮ ತರಗತಿಯ ಪ್ರಶ್ನೆ ಇದು: ಬುದ್ಧಿ ಹೇಳಲು ಬಂದವರನ್ನು ಅರಸ ಏನು ಮಾಡಿದ?

ಕಿರೀಟದ ಬದಲು ಪ್ರತಿಯೊಂದು ಕಾರ್ಡಿನ ಮೇಲೆ ಮಕ್ಕಳು ಒಂದು ಕಿವಿ ಬರೆಯಲಿ. ತೆರೆದ ಕಿವಿ, ಮುಚ್ಚಿದ ಕಿವಿ, ಅರ್ಧ ತೆರೆದ ಕಿವಿ. ಮೊದಲು ತೆರೆದಿದ್ದು ಆಮೇಲೆ ಮುಚ್ಚಿಕೊಂಡಿದ್ದರೆ ಎಡಗಡೆ ಒಂದು, ಬಲಗಡೆ ಒಂದು. ಮನಸ್ಸೆಯ ಕಾರ್ಡಿನ ಎಡಗಡೆ ಮುಚ್ಚಿದ ಕಿವಿ, ಬಲತುದಿಯಲ್ಲಿ ತೆರೆದದ್ದು. ಚಿದ್ಕೀಯ ಯೆರೆಮೀಯನನ್ನು ಗುಟ್ಟಾಗಿ ಕರೆಸಿ ಕೇಳುತ್ತಾನೆ, ಹೇಳಿದಂತೆ ಮಾಡಲು ತನ್ನವರಿಗೇ ಹೆದರುತ್ತಾನೆ. ನನ್ನ ತರಗತಿಯ ಒಬ್ಬ ಹುಡುಗ ಅವನಿಗೆ ಎರಡು ತೆರೆದ ಕಿವಿ ಬರೆದು, ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ ಬಾಣ ಹಾಕಿದ್ದ. ಆ ಕಾರ್ಡನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಹಂತ 6: ಕಥೆಯನ್ನು ತೀರ್ಪಿನಿಂದ ಶುರುಮಾಡಬೇಡಿ

"ಇವತ್ತು ನಾವು ಒಬ್ಬ ಕೆಟ್ಟ ರಾಜನ ಕಥೆ ಕೇಳೋಣ" ಎಂದು ಆರಂಭಿಸಿದರೆ ಕಥೆ ಅಲ್ಲಿಗೆ ಸತ್ತಂತೆ. ಅರಸನ ವಯಸ್ಸಿನಿಂದ ಆರಂಭಿಸಿ. ಯೋವಾಷನಿಗೆ ಪಟ್ಟ ಕಟ್ಟಿದಾಗ ಏಳು ವರ್ಷ, ಯೋಷೀಯನಿಗೆ ಎಂಟು, ಮನಸ್ಸೆಗೆ ಹನ್ನೆರಡು. ಅದೇ ವಯಸ್ಸಿನ ಮಗುವನ್ನು ಎದ್ದು ನಿಲ್ಲಿಸಿ. ನಂತರ ಬುದ್ಧಿ ಹೇಳುವವರು ಬಾಗಿಲಲ್ಲಿ ನಿಂತ ಕ್ಷಣದವರೆಗೆ ಕಥೆ ಒಯ್ದು, ನಿಲ್ಲಿಸಿ. ಅರಸ ಏನು ಮಾಡಿರಬಹುದು ಎಂದು ಮಕ್ಕಳು ಹೇಳಲಿ. ಎರಡು ನಿಮಿಷ ಕಾಯಿರಿ. ಆಮೇಲೆ ಪುಸ್ತಕ ತೆರೆದು ಓದಿಸಿ, ನೀವು ಹೇಳಬೇಡಿ.

ಯೋವಾಷನ ವಾರಕ್ಕೆ ಇದು ಹೇಳಿ ಮಾಡಿಸಿದಂತಿದೆ. ಅಜ್ಜಿ ಅತಲ್ಯ ರಾಜವಂಶವನ್ನೇ ಮುಗಿಸಲು ಹೊರಟಾಗ ಸೋದರತ್ತೆ ಯೆಹೋಷೆಬ ಕೂಸನ್ನು ಎತ್ತಿಕೊಂಡು ಹೋಗಿ ಆರು ವರ್ಷ ದೇವಾಲಯದಲ್ಲಿ ಅಡಗಿಸಿಟ್ಟಳು. ಅವಳ ಗಂಡ, ಯಾಜಕ ಯೆಹೋಯಾದ, ಏಳನೆಯ ವರ್ಷ ಹುಡುಗನಿಗೆ ಪಟ್ಟ ಕಟ್ಟಿದ. ದೇವಾಲಯದ ದುರಸ್ತಿಗೆ ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಕಾಣಿಕೆ ಸಂಗ್ರಹಿಸಿದ ವಿವರವನ್ನು ಬಿಡಬೇಡಿ. ಒಂದು ರಟ್ಟಿನ ಡಬ್ಬಿಗೆ ತೂತು ಕೊರೆದು ಮೇಜಿನ ಮೇಲಿಡಿ. ಯೆಹೋಯಾದ ಬದುಕಿರುವವರೆಗೆ ಯೋವಾಷ ಸರಿಯಾಗಿದ್ದ. ಅವನು ತೀರಿಕೊಂಡ ಮೇಲೆ ಯೆಹೂದದ ಪ್ರಮುಖರು ಬಂದು ಅಡ್ಡಬಿದ್ದರು. ಇಲ್ಲಿ ನಿಲ್ಲಿಸಿ, "ಈಗ ಯಾರ ಮಾತು ಕೇಳುತ್ತಾನೆ?" ಎಂದು ಕೇಳಿ. ಹೊಗಳಿದವರ ಮಾತು ಕೇಳಿದ. ಯೆಹೋಯಾದನ ಮಗ ಜೆಕರ್ಯ ಎದ್ದು ನಿಂತು ತಪ್ಪು ಎಂದಾಗ, ದೇವಾಲಯದ ಅಂಗಳದಲ್ಲಿಯೇ ಅವನನ್ನು ಕಲ್ಲೆಸೆದು ಕೊಲ್ಲಿಸಿದ. ತಾನು ಬೆಳೆದ ಅಂಗಳ ಅದು.

ಯೋಷೀಯನ ವಾರದಲ್ಲಿ ಪ್ರತಿ ವರ್ಷ ಒಂದೇ ತಪ್ಪು: ಎಂಟು ವರ್ಷದ ಬಾಲರಾಜ ಧರ್ಮಶಾಸ್ತ್ರದ ಸುರುಳಿಯನ್ನು ಕಂಡುಹಿಡಿದ ಎಂದು ಹೇಳಿಬಿಡುತ್ತಾರೆ. ಸುರುಳಿ ಸಿಕ್ಕಿದ್ದು ಅವನ ಆಳ್ವಿಕೆಯ ಹದಿನೆಂಟನೆಯ ವರ್ಷ. ಆಗ ಅವನಿಗೆ ಇಪ್ಪತ್ತಾರು. ಕಂಡುಹಿಡಿದವನು ಅವನಲ್ಲ, ಮಹಾಯಾಜಕ ಹಿಲ್ಕೀಯ. ಅರಸನಿಗೆ ಓದಿ ಹೇಳಿದವನು ಶಾಫಾನ ಎಂಬ ಲೇಖಕ. ಯೋಷೀಯ ಕೇಳಿದ, ತನ್ನ ಬಟ್ಟೆಗಳನ್ನು ಹರಿದುಕೊಂಡ.

ಅದೇ ದಿನ, ಅದೇ ತರಗತಿಯಲ್ಲಿ, ಅವನ ಮಗ ಯೆಹೋಯಾಕೀಮನನ್ನು ತನ್ನಿ. ಮುಂದಿನ ವಾರಕ್ಕೆ ಹಾಕಬೇಡಿ. ಚಳಿಗಾಲ, ಅರಮನೆಯಲ್ಲಿ ಅಗ್ಗಿಷ್ಟಿಕೆ ಉರಿಯುತ್ತಿದೆ. ಯೆರೆಮೀಯ ಹೇಳಿ ಬಾರೂಕ ಬರೆದ ಸುರುಳಿಯನ್ನು ಓದುತ್ತಿದ್ದಾರೆ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅರಸ ಲೇಖಕನ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಎಸೆಯುತ್ತಾನೆ. ಬೇಡ ಎಂದು ಬೇಡಿಕೊಂಡವರಲ್ಲಿ ಗೆಮರ್ಯ ಎಂಬವನಿದ್ದ. ಅವನ ತಂದೆಯ ಹೆಸರು ಶಾಫಾನ. ತಂದೆಗೆ ತಂದೆ ಓದಿದ, ಮಗನನ್ನು ಮಗ ಬೇಡಿಕೊಂಡ. ಅಲ್ಲಿದ್ದ ಅರಸನಾಗಲಿ ಸೇವಕರಾಗಲಿ ಬಟ್ಟೆ ಹರಿದುಕೊಳ್ಳಲಿಲ್ಲ ಎಂದು ಪುಸ್ತಕ ಬೇಕೆಂದೇ ಹೇಳುತ್ತದೆ. ಮೂಲ ಹೀಬ್ರೂವಿನಲ್ಲಿ ತಂದೆ ಬಟ್ಟೆಯನ್ನು ಹರಿದದ್ದಕ್ಕೂ ಮಗ ಸುರುಳಿಯನ್ನು ಕತ್ತರಿಸಿದ್ದಕ್ಕೂ ಇರುವುದು ಒಂದೇ ಕ್ರಿಯಾಪದ. ಹಗ್ಗದ ಮೇಲೆ ಈ ಎರಡು ಘಟನೆಗಳ ನಡುವಿನ ದೂರವನ್ನು ಮಕ್ಕಳು ಅಳೆಯಲಿ: ಹದಿನೆಂಟು ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ.

ಸಾಧ್ಯವಾದರೆ ಕಾಗದದ ಸುರುಳಿ ಮಾಡಿ ಒಬ್ಬ ಹುಡುಗನ ಕೈಗೆ ಕತ್ತರಿ ಕೊಡಿ. ಬೆಂಕಿ ಬೇಡ, ಬಕೆಟ್ ಸಾಕು.

ಹಂತ 7: "ಒಳ್ಳೆಯವನಾಗಿದ್ದರೆ ಗೆಲ್ಲುತ್ತಾನೆ" ಎಂಬ ಸೂತ್ರ ನುಸುಳದಂತೆ ನೋಡಿ

ಮಕ್ಕಳು ಇದನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಎಷ್ಟೋ ಸಲ ನಾವೇ ಕಟ್ಟಿಕೊಡುತ್ತೇವೆ. ಹಗ್ಗ ಬೇರೆಯದೇ ಹೇಳುತ್ತದೆ. ಎಲ್ಲರಿಗಿಂತ ಅಗಲವಾದ ಕಾರ್ಡು ಮನಸ್ಸೆಯದು, 55 ವರ್ಷ. ಯೋಷೀಯ ಮೆಗಿದ್ದೋವಿನಲ್ಲಿ ಐಗುಪ್ತದ ನೆಕೋವಿನ ವಿರುದ್ಧ ಹೋಗಿ ಸತ್ತಾಗ ಅವನಿಗೆ ಮೂವತ್ತೊಂಬತ್ತು. ನನ್ನ ದಾರಿಗೆ ಅಡ್ಡ ಬರಬೇಡ, ದೇವರು ನನ್ನ ಜೊತೆ ಇದ್ದಾನೆ ಎಂದು ನೆಕೋ ಹೇಳಿ ಕಳುಹಿಸಿದ್ದ. ಆ ಮಾತು ದೇವರಿಂದಲೇ ಬಂದಿತ್ತು, ಯೋಷೀಯ ಕೇಳಲಿಲ್ಲ ಎಂದು ಪೂರ್ವಕಾಲವೃತ್ತಾಂತ ಬರೆಯುತ್ತದೆ. ತೆರೆದ ಕಿವಿಗೆ ಹೆಸರಾದವನು ಒಮ್ಮೆ, ಪರಕೀಯ ಅರಸನ ಬಾಯಿಂದ ಬಂದ ಮಾತಿಗೆ, ಕಿವಿ ಕೊಡಲಿಲ್ಲ. ಅವನ ಕಾರ್ಡಿನ ಬಲತುದಿಯಲ್ಲಿ ಏನು ಬರೆಯಬೇಕು ಎಂದು ಮಕ್ಕಳೇ ವಾದ ಮಾಡಲಿ. ಈ ವಾದ ಹತ್ತು ನಿಮಿಷ ನಡೆದರೆ ಪಾಠ ಸರಿದಾರಿಯಲ್ಲಿದೆ ಎಂದರ್ಥ.

ಹದಿಮೂರು ದಾಟಿದವರಿಗೆ ಹಿಜ್ಕೀಯನ ವಾರದಲ್ಲಿ ಪುಸ್ತಕದ ಹೊರಗಿನ ಸಾಕ್ಷಿಗಳನ್ನು ಕೊಡಿ. ಸನ್ಹೇರೀಬನ ಶಾಸನದಲ್ಲಿ ಅವನು 46 ಕೋಟೆಪಟ್ಟಣಗಳನ್ನು ಗೆದ್ದು ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ಯೆರೂಸಲೇಮನ್ನು ಹಿಡಿದೆ ಎಂದು ಮಾತ್ರ ಹೇಳುವುದಿಲ್ಲ. ಹಿಜ್ಕೀಯನದೆಂದು ಗುರುತಿಸುವ ನೀರಿನ ಸುರಂಗ 533 ಮೀಟರ್ ಉದ್ದವಿದೆ. ಅದರ ಗೋಡೆಯ ಶಾಸನ 1880ರಲ್ಲಿ ಹುಡುಗರ ಕಣ್ಣಿಗೆ ಬಿತ್ತು. ಎರಡು ತುದಿಯಿಂದ ಅಗೆದುಕೊಂಡು ಬಂದವರು ಬಂಡೆಯ ಆಚೆ ಒಬ್ಬರಿಗೊಬ್ಬರು ಕೂಗಿದ್ದು ಕೇಳಿಸಿತು ಎಂದು ಅದರಲ್ಲಿದೆ. ಶಾಸನದಲ್ಲಿ ಅರಸನ ಹೆಸರಿಲ್ಲ. ಇದೆ ಎಂದು ಹೇಳಿಬಿಡಬೇಡಿ.

ಹಂತ 8: ರಕ್ತ, ರೋಗ, ವಿಗ್ರಹ — ಮೂರು ಜಾಗದಲ್ಲಿ ಕಾಲು ಮೆಲ್ಲಗಿಡಿ

ರಕ್ತ. ಆಹಾಜ, ಮನಸ್ಸೆಯರ ಕಥೆಯಲ್ಲಿ ಮಕ್ಕಳನ್ನು ಬೆಂಕಿಗೆ ಬಲಿಕೊಡುವ ಮಾತಿದೆ. ಚಿದ್ಕೀಯನ ಕಣ್ಣೆದುರೇ ಅವನ ಗಂಡುಮಕ್ಕಳನ್ನು ಕೊಂದು ಆಮೇಲೆ ಅವನ ಕಣ್ಣು ಕಿತ್ತರು. ಎಂಟು ವರ್ಷದೊಳಗಿನವರಿಗೆ "ಮಕ್ಕಳಿಗೆ ಬಹಳ ಕೆಟ್ಟದ್ದನ್ನು ಮಾಡಿದ" ಎಂದರೆ ಸಾಕು. ಹತ್ತು ದಾಟಿದವರಿಗೆ ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಿ, ವರ್ಣಿಸಬೇಡಿ, ನಟಿಸಿ ತೋರಿಸಬೇಡಿ. ಪಾಠಕ್ಕೆ ಮುಂಚೆ ಪೋಷಕರಿಗೆ ತಿಳಿಸಿರಿ. ಮಗು ರಾತ್ರಿ ಒಂಟಿಯಾಗಿ ಮಲಗಲು ಹೆದರಿತು ಎಂದು ಒಬ್ಬ ತಾಯಿ ಹೇಳಿದರೂ ಮುಂದಿನ ವಾರ ವೇಗ ಕಡಿಮೆ ಮಾಡಿ.

ರೋಗ. ಉಜ್ಜೀಯನ ಹಣೆಯ ಮೇಲೆ ಕುಷ್ಠ ಎದ್ದಿತು ಎಂದು ಕನ್ನಡ ಸತ್ಯವೇದದಲ್ಲಿದೆ. ಮೂಲದ ಪದ ಹಲವು ಬಗೆಯ ಚರ್ಮರೋಗಗಳಿಗೆ ಸಲ್ಲುತ್ತದೆ. ಇಂದಿನ ಕುಷ್ಠರೋಗ ಔಷಧಿಯಿಂದ ಗುಣವಾಗುವ ಕಾಯಿಲೆ, ಯಾರ ಪಾಪದ ಗುರುತೂ ಅಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿಯೇ ಮುಂದೆ ಹೋಗಿ. ಕೈಯ ಮೇಲೆ ಬಿಳಿ ಮಚ್ಚೆ ಇರುವ ಮಗು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು.

ವಿಗ್ರಹ. ಹಿಜ್ಕೀಯನೂ ಯೋಷೀಯನೂ ವಿಗ್ರಹಗಳನ್ನು ಒಡೆದರು. ನಮ್ಮ ಮಕ್ಕಳು ಪಾಠ ಮುಗಿಸಿ ಹೋಗುವುದು ಗಣಪತಿ ಕೂರಿಸಿದ ಬೀದಿಗೆ, ಅವರ ಆಪ್ತ ಗೆಳೆಯರ ಮನೆಗೆ. ಈ ಅರಸರು ತಮ್ಮ ಜನ ದೇವರೊಂದಿಗೆ ಮಾಡಿಕೊಂಡ ಒಡಂಬಡಿಕೆಯನ್ನು ತಮ್ಮ ಜನರ ನಡುವೆ ಸರಿಪಡಿಸಿದರು. ಹಿಜ್ಕೀಯ ಒಡೆದ ಕಂಚಿನ ಸರ್ಪವನ್ನು ಮಾಡಿದ್ದು ಸ್ವತಃ ಮೋಶೆ. ಇದನ್ನು ಹೇಳದೆ ಬಿಟ್ಟರೆ ಸೋಮವಾರ ಶಾಲೆಯಲ್ಲಿ ಗೆಳೆಯನ ದೇವರನ್ನು ಗೇಲಿ ಮಾಡಿದ ಸುದ್ದಿ ಬರುತ್ತದೆ. ಬಂದರೆ ತಪ್ಪು ಮಗುವಿನದಲ್ಲ.

ಹಂತ 9: ತಂದೆ-ಮಗ ಸರಪಳಿಯನ್ನು ಒಮ್ಮೆ ಮೌನವಾಗಿ ತೋರಿಸಿ

ಯೋತಾಮನ ಮಗ ಆಹಾಜ. ಆಹಾಜನ ಮಗ ಹಿಜ್ಕೀಯ. ಹಿಜ್ಕೀಯನ ಮಗ ಮನಸ್ಸೆ, ಅವನ ಮಗ ಆಮೋನ, ಆಮೋನನ ಮಗ ಯೋಷೀಯ. ಆರು ಕಾರ್ಡುಗಳ ಮೇಲಿನ ಕಿವಿಗಳನ್ನು ಮಕ್ಕಳು ಬೆರಳಿಟ್ಟು ನೋಡುತ್ತ ಹೋಗಲಿ. ವಿವರಣೆ ಕೊಡಬೇಡಿ. ಕುಡಿದು ಬರುವ ತಂದೆ ಇರುವ ಮನೆಯ ಮಗು ಆಮೋನನಿಂದ ಯೋಷೀಯನಿಗೆ ಹೋದಾಗ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ನಿಲ್ಲಲಿ. "ಪಾದ್ರಿಯ ಮಗನಾಗಿ ಹೀಗಾ?" ಎಂಬ ಮಾತು ಕೇಳಿ ಬೆಳೆದ ಮಗು ಹಿಜ್ಕೀಯ ಮತ್ತು ಮನಸ್ಸೆಯ ನಡುವೆ ನಿಲ್ಲಬಹುದು.

ಹಂತ 10: ಬಾಯಿಪಾಠ ಕೇಳಬೇಡಿ, ಕಾರ್ಡು ಕೇಳಿ

ಪರೀಕ್ಷೆಗೆ ಹೆಸರುಗಳ ಪಟ್ಟಿ ಒಪ್ಪಿಸಲು ಹೇಳಬೇಡಿ. ಹೆಸರಿಲ್ಲದ ಒಂದು ಕಾರ್ಡು ಕೊಟ್ಟು, ಬುದ್ಧಿ ಹೇಳಲು ಬಂದವರು ಯಾರು, ಏನು ಹೇಳಿದರು, ಅರಸ ಏನು ಮಾಡಿದ ಎಂಬ ಮೂರನ್ನು ಮಾತ್ರ ಕೇಳಿ. ಎಂಟರಲ್ಲಿ ಐದು ಕಥೆ ಹೇಳಿದರೆ ಗೆದ್ದಂತೆ. "ಒಳ್ಳೆಯವನು", "ಕೆಟ್ಟವನು" ಎಂಬ ಪದಗಳು ಕಥೆಗೆ ಮೊದಲು ಬಂದರೆ ಹಂತ 5 ಇನ್ನೂ ಇಳಿದಿಲ್ಲ. ಹುಡುಗರು ಯುದ್ಧಗಳನ್ನು ಮಾತ್ರ ನೆನಪಿಟ್ಟಿದ್ದರೆ ನೀವು ಯುದ್ಧಗಳಲ್ಲಿ ಹೆಚ್ಚು ಹೊತ್ತು ಕಳೆದಿದ್ದೀರಿ.

ಹಂತ 11: ಕೊನೆಯ ವಾರ, ಹಗ್ಗದ ಬಾಲ

ಹೆಚ್ಚಿನವರು 586ರಲ್ಲಿ, ಸುಟ್ಟ ದೇವಾಲಯ ಮತ್ತು ಕುರುಡನಾದ ಚಿದ್ಕೀಯನ ಬಳಿ ನಿಲ್ಲಿಸುತ್ತಾರೆ. ಅರಸುಗಳು ಪುಸ್ತಕ ಅಲ್ಲಿ ನಿಲ್ಲುವುದಿಲ್ಲ. ಅದರ ಕೊನೆಯ ನಾಲ್ಕು ವಚನಗಳು ಇನ್ನೂ ಇವೆ.

ಮೊದಲು ಚಿದ್ಕೀಯನ ಕಥೆಯಲ್ಲಿ ಎಬೆದ್ಮೆಲೆಕನನ್ನು ಮರೆಯಬೇಡಿ. ಯೆರೆಮೀಯನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದಾಗ ಅರಸನ ಮುಂದೆ ಹೋಗಿ ಮಾತಾಡಿದ ಕೂಷ್ ದೇಶದವನು ಅವನು. ಹಗ್ಗ ಕಂಕುಳನ್ನು ಕೊಯ್ಯದಿರಲೆಂದು ಹರಕು ಬಟ್ಟೆಗಳನ್ನೂ ಕೆಳಗಿಳಿಸಿದ. ನಿಮ್ಮ ಹಗ್ಗದ ತುಂಡಿನಿಂದಲೇ ಇದನ್ನು ಮಾಡಿ ತೋರಿಸಬಹುದು.

ಆಮೇಲೆ ಟೇಪು ತೆಗೆಯಿರಿ. 344ರ ಆಚೆ ಹಗ್ಗ ಇನ್ನೂ ಉಳಿದಿದೆಯಲ್ಲ, ಏಕೆ ಎಂದು ಮಕ್ಕಳು ಎಂಟು ವಾರದಿಂದ ಕೇಳುತ್ತಿರುತ್ತಾರೆ. 369ರವರೆಗೆ ಅಳೆಯಲಿ. ಅಲ್ಲಿ, ಸೆರೆಯ ಮೂವತ್ತೇಳನೆಯ ವರ್ಷ, ಬಾಬೆಲಿನ ಹೊಸ ಅರಸ ಎವೀಲ್ಮೆರೋದಕ ಯೆಹೋಯಾಖೀನನನ್ನು ಸೆರೆಮನೆಯಿಂದ ಹೊರಗೆ ತಂದು, ಸೆರೆಯ ಬಟ್ಟೆ ಬದಲಾಯಿಸಿ, ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ. ಬಾಬೆಲಿನ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಯೆಹೂದದ ಈ ಅರಸನ ಹೆಸರಿದೆ, ಅವನಿಗೂ ಅವನ ಐದು ಮಂದಿ ಗಂಡುಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಅವನ ಎರಡನೆಯ ಕಾರ್ಡನ್ನು ಆ ಜಾಗದಲ್ಲಿ ಸಿಕ್ಕಿಸಿ. ಕ್ಲಿಪ್ಪನ್ನು ತರಗತಿಯ ಅತಿ ಚಿಕ್ಕ ಮಗುವಿನ ಕೈಗೆ ಕೊಡಿ. ಹಗ್ಗವನ್ನು ಮೊದಲೇ ಎದೆಯ ಎತ್ತರಕ್ಕೆ ಕಟ್ಟಿಸಿದ್ದು ಅದಕ್ಕೇ.